ಚಾಸಿಸ್‌ನ ಆಚೆ ಬದಿಗೆ ಹೋದ ಟ್ಯಾಂಕ್: ಜಿಎಂ ಪಿಕಪ್‌ಗಳ ಒಂದು ಪ್ರಕರಣ

ಹಳೆ ಅಮೆರಿಕನ್ ಪಿಕಪ್‌ಗಳ ಹುಚ್ಚು ಇರುವವರಿಗೆ 1973ರಿಂದ 1987ರವರೆಗಿನ ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಷೆವರ್ಲೆ ಮತ್ತು ಜಿಎಂಸಿ ಗಾಡಿಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಚೌಕ ಮೂತಿ, ಚೌಕ ಮೈ. 'ಸ್ಕ್ವೇರ್‌ಬಾಡಿ' ಅಂತಲೇ ಹೆಸರು. ಚೆನ್ನಾಗಿ ರೀಸ್ಟೋರ್ ಮಾಡಿದ ಗಾಡಿಗೆ ಇವತ್ತು ಒಳ್ಳೆ ಬೆಲೆ ಇದೆ. ಪೇಂಟು, ಇಂಜಿನ್ನು, ಚಕ್ರ ಅಂತ ಗಂಟೆಗಟ್ಟಲೆ ಮಾತಾಡುವವರು ಒಂದು ವಿಷಯವನ್ನು ಮಾತ್ರ ಬೇಗ ದಾಟಿಬಿಡುತ್ತಾರೆ. ಈ ಗಾಡಿಗಳ ಪೆಟ್ರೋಲ್ ಟ್ಯಾಂಕ್ ಇರುವುದು ಚಾಸಿಸ್‌ನ (ಗಾಡಿಯ ಭಾರ ಹೊರುವ ಸ್ಟೀಲ್ ಚೌಕಟ್ಟಿನ) ಹೊರಗೆ, ಬಾಡಿಯ ತೆಳು ತಗಡಿನ ಹಿಂದೆ.

ಆ ಜಾಗದ ಮೇಲೆ ಅಮೆರಿಕದಲ್ಲಿ ವರ್ಷಗಟ್ಟಲೆ ಜಗಳ ನಡೆಯಿತು. ಕೋರ್ಟು, ಟಿವಿ, ಸಾರಿಗೆ ಸಚಿವರು, ಎಲ್ಲರೂ ಬಂದು ಹೋದರು. ಕೋಟಿಗಟ್ಟಲೆ ಡಾಲರ್ ಓಡಾಡಿತು. ಇಷ್ಟೆಲ್ಲ ಆದರೂ ರೀಕಾಲ್, ಅಂದರೆ ಕಂಪನಿಯೇ ಗಾಡಿಗಳನ್ನು ವಾಪಸ್ ಕರೆಸಿ ದೋಷ ಸರಿಪಡಿಸಿಕೊಡುವುದು, ಮಾತ್ರ ಆಗಲಿಲ್ಲ. ಟ್ಯಾಂಕ್ ಎಲ್ಲಿತ್ತೋ ಅಲ್ಲೇ ಉಳಿಯಿತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸುವುದು ಇದೇ.

ಸೀಟಿನ ಬೆನ್ನಿಂದ ಬಾಡಿಯ ಪಕ್ಕಕ್ಕೆ

1972ರವರೆಗೆ ಷೆವರ್ಲೆ ಪಿಕಪ್‌ಗಳಲ್ಲಿ ಟ್ಯಾಂಕ್ ಕ್ಯಾಬಿನ್ ಒಳಗೇ ಇತ್ತು. ಸೀಟಿನ ಬೆನ್ನಿಗೆ ಅಂಟಿಕೊಂಡಂತೆ ನಿಲ್ಲಿಸಿದ ತಗಡಿನ ಟ್ಯಾಂಕ್. ಪೆಟ್ರೋಲ್ ಹಾಕುವ ಬಾಯಿ ಡ್ರೈವರ್ ಬಾಗಿಲಿನ ಹಿಂದೆ. ತಿರುವಿನಲ್ಲಿ ಪೆಟ್ರೋಲ್ ಅಲ್ಲಾಡುವ ಸದ್ದು ಬೆನ್ನ ಹಿಂದೆಯೇ ಕೇಳುತ್ತಿತ್ತು. ಬಾಯಿಯ ಸುತ್ತ ಇರುವ ರಬ್ಬರ್ ಸೀಲ್ ಹಳತಾದರೆ ಕ್ಯಾಬಿನ್ ತುಂಬ ವಾಸನೆ. ಆ ಕಾಲದಲ್ಲಿ ಫೋರ್ಡ್, ಡಾಡ್ಜ್ ಕೂಡ ಹೀಗೇ ಮಾಡುತ್ತಿದ್ದವು. ಹೊಡೆತ ಬೀಳುವ ಜಾಗದಿಂದ ಟ್ಯಾಂಕ್ ದೂರ ಇತ್ತು, ನಿಜ. ಆದರೆ ಸೋರಿದರೆ ಸೋರುವುದು ಕೂತವರ ಮೇಲೇ.

1973ರ ಹೊಸ ಮಾಡೆಲ್ ತರುವಾಗ ಜಿಎಂ ಟ್ಯಾಂಕನ್ನು ಕ್ಯಾಬಿನ್‌ನಿಂದ ಹೊರಗೆ ಹಾಕಿತು. ಇದು ಸರಿಯಾದ ಕೆಲಸವೇ. ಎಡವಟ್ಟಾಗಿದ್ದು ಅದನ್ನು ಎಲ್ಲಿಗೆ ಹಾಕಿತು ಅನ್ನುವುದರಲ್ಲಿ.

ಪಿಕಪ್‌ನ ತಳ ಬಗ್ಗಿ ನೋಡಿದರೆ ಉದ್ದಕ್ಕೆ ಎರಡು ದಪ್ಪ ಸ್ಟೀಲ್ ಚಾನೆಲ್ ಕಾಣುತ್ತವೆ. ಚಾಸಿಸ್ ಅಂದರೆ ಮುಖ್ಯವಾಗಿ ಇವೇ, ಗಾಡಿಯ ಬೆನ್ನುಮೂಳೆ. ಇವೆರಡರ ನಡುವೆ ಪ್ರೊಪೆಲ್ಲರ್ ಶಾಫ್ಟ್ ಹಾದುಹೋಗುತ್ತದೆ, ಸೈಲೆನ್ಸರ್ ಪೈಪ್ ಹೋಗುತ್ತದೆ, ಅಡ್ಡ ಪಟ್ಟಿಗಳಿರುತ್ತವೆ. ಅಲ್ಲಿ ಟ್ಯಾಂಕ್ ಕೂರಿಸಬಹುದು, ಆದರೆ ಜಾಗ ಇಕ್ಕಟ್ಟು. ಚಾನೆಲ್‌ನ ಹೊರಗೆ, ಬಾಡಿಯ ಅಂಚಿನವರೆಗೆ, ಎರಡೂ ಬದಿ ಬೇಕಾದಷ್ಟು ಜಾಗ ಖಾಲಿ ಬಿದ್ದಿರುತ್ತದೆ. ಜಿಎಂ ಆರಿಸಿಕೊಂಡಿದ್ದು ಆ ಖಾಲಿ ಜಾಗವನ್ನು. ಒಂದು ಬದಿಗೆ 20 ಗ್ಯಾಲನ್ ಟ್ಯಾಂಕ್, ಬೇಕಾದರೆ ಇನ್ನೊಂದು ಬದಿಗೂ ಅಷ್ಟೇ. ಎರಡೂ ಸೇರಿದರೆ 40 ಗ್ಯಾಲನ್. ನಮ್ಮ ಲೆಕ್ಕದಲ್ಲಿ 151 ಲೀಟರ್, ತೂಕ ನೂರಕ್ಕೂ ಹೆಚ್ಚು ಕಿಲೋ.

ಈ ಗಾಡಿ ಕೊಳ್ಳುತ್ತಿದ್ದವರು ರೈತರು, ಕಂಟ್ರಾಕ್ಟರ್‌ಗಳು, ಟ್ರೈಲರ್ ಎಳೆಯುವವರು. ದೊಡ್ಡ ವಿ8 ಇಂಜಿನ್, ದೂರದ ಊರುಗಳು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದ ಮೇಲಂತೂ ಅಮೆರಿಕದ ಬಂಕ್‌ಗಳ ಮುಂದೆ ಸಾಲು. ಎರಡನೇ ಟ್ಯಾಂಕ್ ಅನ್ನೋದು ಸುಮ್ನೆ ಶೋಕಿ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಆದ್ದರಿಂದ ಈ ನಿರ್ಧಾರದ ಹಿಂದೆ ಯಾರೋ ರಾಕ್ಷಸರಿದ್ದರು ಅಂತ ನಾನು ಹೇಳುವುದಿಲ್ಲ. ಗಿರಾಕಿಗೆ ಬೇಕಾಗಿದ್ದನ್ನು ಸುಲಭವಾಗಿ ಸಿಗುವ ಜಾಗದಲ್ಲಿ ಇಟ್ಟರು.

ಆದರೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅದೇ ವರ್ಷಗಳಲ್ಲಿ, ಅದೇ ಕಂಪನಿ, ಅದೇ ಕುಟುಂಬದ ಚಾಸಿಸ್ ಮೇಲೆ ಷೆವರ್ಲೆ ಬ್ಲೇಜರ್ ಮತ್ತು ಸಬರ್ಬನ್ ಅನ್ನುವ ಎಸ್‌ಯುವಿಗಳನ್ನು ಮಾಡುತ್ತಿತ್ತು. ಅವುಗಳಲ್ಲಿ ಟ್ಯಾಂಕ್ ಹಿಂದೆ, ಎರಡು ಚಾನೆಲ್‌ಗಳ ಒಳಗೆ. ಅಂದರೆ ಒಳಗೆ ಇಡುವುದು ಹೇಗೆ ಅಂತ ಜಿಎಂಗೆ ಗೊತ್ತಿಲ್ಲದ ವಿದ್ಯೆಯೇನಲ್ಲ.

ಪಕ್ಕದಿಂದ ಗುದ್ದಿದಾಗ

ಒಂದು ಕಾರು ಅಡ್ಡರಸ್ತೆಯಿಂದ ಬಂದು ಪಿಕಪ್‌ನ ಪಕ್ಕೆಗೆ ಗುದ್ದಿತು ಅಂತಿಟ್ಟುಕೊಳ್ಳಿ. ಕಾರಿನ ಬಂಪರ್ ಮೊದಲು ಮುಟ್ಟುವುದು ಬಾಡಿಯ ತಗಡನ್ನು. ಅದಕ್ಕೆ ತಡೆಯುವ ಶಕ್ತಿ ಇಲ್ಲ, ಮಡಚಿಕೊಳ್ಳುತ್ತದೆ. ಅದರ ಹಿಂದೆ ಟ್ಯಾಂಕ್. ಟ್ಯಾಂಕಿನ ಹಿಂದೆ ಬಗ್ಗದ ಸ್ಟೀಲ್ ಚಾನೆಲ್. ಟ್ಯಾಂಕಿನ ಸ್ಥಿತಿ ಅಡಕತ್ತರಿಗೆ ಸಿಕ್ಕ ಅಡಕೆಯದು. ತುಂಬಿದ ಟ್ಯಾಂಕ್ ಆದರಂತೂ ಒಳಗಿನ ದ್ರವ ಕುಗ್ಗುವುದಿಲ್ಲ, ಒತ್ತಡವೆಲ್ಲ ತಗಡಿನ ಮೇಲೇ ಬರುತ್ತದೆ. ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಸೇರಿಸಿದ ಬೆಸುಗೆ ಬಾಯಿ ಬಿಡಬಹುದು. ಪಕ್ಕದ ಬ್ರಾಕೆಟ್ಟೋ ಬೋಲ್ಟಿನ ತುದಿಯೋ ಚುಚ್ಚಬಹುದು. ಪೆಟ್ರೋಲ್ ಹಾಕುವ ಬಾಯಿಯ ಪೈಪ್ ಕಿತ್ತು ಬರಬಹುದು.

ಚಾನೆಲ್‌ನ ಒಳಗಿದ್ದರೆ ಇದೇ ಹೊಡೆತ ಮೊದಲು ಚಾನೆಲ್‌ಗೆ ಬೀಳುತ್ತದೆ. ಟ್ಯಾಂಕ್ ಅದರ ಮರೆಯಲ್ಲಿ. ವ್ಯತ್ಯಾಸ ಇಷ್ಟೇ. ಒಂದು ಕಡೆ ಚಾನೆಲ್ ಗುರಾಣಿ ಆಗುತ್ತದೆ, ಇನ್ನೊಂದು ಕಡೆ ಟ್ಯಾಂಕನ್ನು ಜಜ್ಜುವ ಗೋಡೆ ಆಗುತ್ತದೆ.

ಕಾನೂನು ಇರಲಿಲ್ವಾ ಅಂದರೆ, ಇತ್ತು. ಅಪಘಾತದಲ್ಲಿ ಇಂಧನ ಎಷ್ಟು ಸೋರಬಹುದು ಅನ್ನುವುದಕ್ಕೆ ಅಮೆರಿಕದಲ್ಲಿ 301ನೇ ನಂಬರಿನ ಸುರಕ್ಷತಾ ಮಾನದಂಡ ಇದೆ. ಮೊದಲು ಕಾರುಗಳಿಗೆ ಬಂತು, 1970ರ ದಶಕದ ಕೊನೆ ಭಾಗದಲ್ಲಿ ಪಿಕಪ್‌ಗಳಿಗೂ ಹಬ್ಬಿತು. ಪಕ್ಕದ ಹೊಡೆತದ ಪರೀಕ್ಷೆ ಹೀಗೆ: 4,000 ಪೌಂಡ್, ಅಂದರೆ ಸುಮಾರು 1,800 ಕಿಲೋ ತೂಕದ ಗಾಲಿ ಇರುವ ಗೋಡೆಯನ್ನು ಗಂಟೆಗೆ 20 ಮೈಲಿ ವೇಗದಲ್ಲಿ ಗಾಡಿಯ ಪಕ್ಕಕ್ಕೆ ಹೊಡೆಸುವುದು. 20 ಮೈಲಿ ಅಂದರೆ 32 ಕಿಲೋಮೀಟರ್. ಜಿಎಂ ಪಿಕಪ್‌ಗಳು ಇದರಲ್ಲಿ ಪಾಸು. ಕಂಪನಿ ಕೊನೆವರೆಗೂ ಹಿಡಿದುಕೊಂಡಿದ್ದ ವಾದ ಇದೇ.

32 ಕಿಲೋಮೀಟರ್ ವೇಗದಲ್ಲಿ ಪಾಸಾದದ್ದಕ್ಕೆ ಎಷ್ಟು ಬೆಲೆ ಕೊಡಬಹುದು? ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 20 ಮೈಲಿ 50 ಮೈಲಿ ಆದರೆ ಶಕ್ತಿ ಎರಡೂವರೆ ಪಟ್ಟಲ್ಲ, ಆರು ಪಟ್ಟಿಗೂ ಜಾಸ್ತಿ. ಹಳ್ಳಿ ಹೆದ್ದಾರಿಯ ಕ್ರಾಸಿನಲ್ಲಿ ಗುದ್ದುವವನು 20 ಮೈಲಿಯಲ್ಲಿ ಬರುವುದಿಲ್ಲ. ಇದು ಜಿಎಂಗೂ ಗೊತ್ತಿತ್ತು. 1980ರ ದಶಕದ ಮೊದಲಲ್ಲಿ ಕಂಪನಿ ತಾನೇ 50 ಮೈಲಿ ವೇಗದಲ್ಲಿ ಪಕ್ಕದಿಂದ ಗುದ್ದಿಸಿ ನೋಡಿದ ದಾಖಲೆಗಳು ಮುಂದೆ ಕೋರ್ಟಿನಲ್ಲಿ ಹೊರಬಂದವು. 1984ರ ಮಾಡೆಲ್‌ಗಳಿಗೆ ಟ್ಯಾಂಕಿನ ಮೇಲೆ ಒಂದು ಪ್ಲಾಸ್ಟಿಕ್ ಕವಚ ಬಂತು. 1988ಕ್ಕೆ ಹೊಸ ಮಾಡೆಲ್ ಬಂದಾಗ ಟ್ಯಾಂಕ್ ಚಾನೆಲ್‌ನ ಒಳಗೆ ಹೋಯಿತು. ಹಳೆ ವಿನ್ಯಾಸದ ಕೆಲವು ದೊಡ್ಡ ಗಾಡಿಗಳು ಮಾತ್ರ 1991ರವರೆಗೆ ಮುಂದುವರಿದವು.

ಪ್ಲಾಸ್ಟಿಕ್ ಕವಚದ ಬಗ್ಗೆ ನನ್ನ ಅನಿಸಿಕೆ ಹೇಳುತ್ತೇನೆ. ಚುಚ್ಚುವುದರಿಂದ ಅದು ಸ್ವಲ್ಪ ಕಾಪಾಡೀತು. ಜಜ್ಜುವುದನ್ನು ತಡೆಯುವುದು ಅದರ ಕೈಲಿ ಆಗದ ಕೆಲಸ. ಜಾಗ ತಪ್ಪಾಗಿದ್ದರೆ ಕವಚ ಏನು ಮಾಡೀತು?

ಐದು ದಿನ

1989ರ ಅಕ್ಟೋಬರ್‌ನಲ್ಲಿ ಜಾರ್ಜಿಯಾ ರಾಜ್ಯದಲ್ಲಿ 17 ವರ್ಷದ ಹುಡುಗನೊಬ್ಬ 1985ರ ಜಿಎಂಸಿ ಪಿಕಪ್ ಓಡಿಸುತ್ತಿದ್ದ. ಕುಡಿದು ಬಂದವನೊಬ್ಬ ಪಕ್ಕದಿಂದ ಗುದ್ದಿದ. ಪಿಕಪ್‌ಗೆ ಬೆಂಕಿ ಹತ್ತಿತು, ಹುಡುಗ ಸತ್ತ. ತಂದೆ ತಾಯಿ ಜಿಎಂ ಮೇಲೆ ಕೇಸು ಹಾಕಿದರು. ಹುಡುಗ ಹೊಡೆತಕ್ಕೇ ಸತ್ತಿದ್ದ ಅಂತ ಕಂಪನಿ. ಹೊಡೆತಕ್ಕೆ ಬದುಕಿದ್ದ, ಬೆಂಕಿಗೆ ಸತ್ತ ಅಂತ ಅವರು. ಇಂಧನ ವ್ಯವಸ್ಥೆಯ ವಿಷಯದಲ್ಲಿ ಹಿಂದೆ ಜಿಎಂ ಪರವಾಗಿ ನಿಲ್ಲುತ್ತಿದ್ದ ಮಾಜಿ ಇಂಜಿನಿಯರ್ ರೊನಾಲ್ಡ್ ಎಲ್ವೆಲ್ ಈ ಸಲ ಆ ಕುಟುಂಬದ ಪರ ಸಾಕ್ಷಿ ಹೇಳಿದರು.

1993ರ ಫೆಬ್ರವರಿ 4, ಗುರುವಾರ. ಅಟ್ಲಾಂಟಾದ ಜ್ಯೂರಿ 10.52 ಕೋಟಿ ಡಾಲರ್ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಅದರಲ್ಲಿ 10.1 ಕೋಟಿ ಬರೀ ದಂಡ. ಜಿಎಂಗೆ ಇದಕ್ಕಿಂತ ಕೆಟ್ಟ ದಿನ ಇರಲಿಕ್ಕಿಲ್ಲ ಅಂತ ಎಲ್ಲರೂ ಅಂದುಕೊಂಡರು.

ಸೋಮವಾರದ ಹೊತ್ತಿಗೆ ಆಟವೇ ಬದಲಾಗಿತ್ತು. ಅದಕ್ಕೆ ಕಾರಣ ಟಿವಿ.

ಮೂರು ತಿಂಗಳ ಹಿಂದೆ, 1992ರ ನವೆಂಬರ್ 17ರಂದು, ಎನ್‌ಬಿಸಿ ಚಾನೆಲ್‌ನ 'ಡೇಟ್‌ಲೈನ್' ಕಾರ್ಯಕ್ರಮ ಈ ಟ್ರಕ್‌ಗಳ ಬಗ್ಗೆ ಒಂದು ವರದಿ ತೋರಿಸಿತ್ತು. ಸತ್ತವರ ಮನೆಯವರ ಮಾತು, ಜಿಎಂನ ದಾಖಲೆಗಳು, ಎಲ್ಲ ಇತ್ತು. ಕೊನೆಗೆ ಒಂದು ಕ್ರ್ಯಾಷ್ ಪರೀಕ್ಷೆ. ಕಾರು ಬಂದು ಪಿಕಪ್‌ನ ಪಕ್ಕಕ್ಕೆ ಗುದ್ದುತ್ತದೆ, ಭಗ್ ಅಂತ ಬೆಂಕಿ. ನೋಡಿದವರ ಎದೆ ಝಲ್ ಅನ್ನುವ ದೃಶ್ಯ.

ತೋರಿಸದೇ ಬಿಟ್ಟಿದ್ದು ಏನೆಂದರೆ, ಪಿಕಪ್ ಕೆಳಗೆ ಆಟದ ರಾಕೆಟ್‌ಗೆ ಹಾಕುವ ಪುಟ್ಟ ಇಂಜಿನ್‌ಗಳನ್ನು ಕಟ್ಟಿದ್ದರು. ಗುದ್ದುವ ಹೊತ್ತಿಗೆ ಸರಿಯಾಗಿ ದೂರದಿಂದ ಅವುಗಳಿಗೆ ಕಿಡಿ ಹೊತ್ತಿಸಿದ್ದರು. ಪರೀಕ್ಷೆ ನಡೆದದ್ದು ಇಂಡಿಯಾನಾ ರಾಜ್ಯದ ಒಂದು ಹಳ್ಳಿ ರಸ್ತೆಯಲ್ಲಿ. ಅಲ್ಲಿಗೆ ಬಂದಿದ್ದ ಅಗ್ನಿಶಾಮಕದವರು ತಾವೇ ವಿಡಿಯೋ ಮಾಡಿಕೊಂಡಿದ್ದರು. ಜಿಎಂಗೆ ಸುಳಿವು ಸಿಕ್ಕಿತು. ಕಂಪನಿಯವರು ಗುಜರಿ ಅಂಗಡಿ ಹುಡುಕಿ ಹೋಗಿ ಆ ಟ್ರಕ್‌ಗಳನ್ನೇ ಹಿಡಿದರು. ಟ್ಯಾಂಕ್ ಬಿಚ್ಚಿಸಿ ಎಕ್ಸ್‌ರೇ ತೆಗೆಸಿದರು. ಟ್ಯಾಂಕಿಗೆ ತೂತು ಬಿದ್ದಿತ್ತು ಅಂತ ಟಿವಿಯಲ್ಲಿ ಹೇಳಿದ್ದರು. ಎಕ್ಸ್‌ರೇಯಲ್ಲಿ ತೂತಿಲ್ಲ. ಕಂಠಪೂರ್ತಿ ತುಂಬಿಸಿದ ಟ್ಯಾಂಕ್, ಸರಿಯಾಗಿ ಕೂರದ ಬೇರೆ ಮುಚ್ಚಳ. ಚೆಲ್ಲಿದ್ದು ಬಾಯಿಂದ.

ಫೆಬ್ರವರಿ 8ರ ಸೋಮವಾರ ಜಿಎಂನ ವಕೀಲ ಹ್ಯಾರಿ ಪಿಯರ್ಸ್ ಪತ್ರಿಕಾಗೋಷ್ಠಿ ಕರೆದು ಇದನ್ನೆಲ್ಲ ಒಂದೊಂದಾಗಿ ಬಿಚ್ಚಿಟ್ಟರು. ಎನ್‌ಬಿಸಿ ಮೇಲೆ ಮಾನನಷ್ಟ ಮೊಕದ್ದಮೆಯನ್ನೂ ಹಾಕಿದರು. ಮಂಗಳವಾರ ರಾತ್ರಿ ಅದೇ ಕಾರ್ಯಕ್ರಮದಲ್ಲಿ ಎನ್‌ಬಿಸಿ ಕ್ಷಮೆ ಕೇಳಿತು. ಮಾರ್ಚ್‌ನಲ್ಲಿ ಎನ್‌ಬಿಸಿ ನ್ಯೂಸ್‌ನ ಅಧ್ಯಕ್ಷ ಮೈಕೆಲ್ ಗಾರ್ಟ್ನರ್ ರಾಜೀನಾಮೆ ಕೊಟ್ಟರು.

ಆ ಪತ್ರಕರ್ತರ ಮೇಲೆ ನನಗೆ ಇವತ್ತಿಗೂ ಸಿಟ್ಟು. ಅವರ ಕೈಯಲ್ಲಿ ಗಟ್ಟಿ ವಿಷಯ ಇತ್ತು. ಜಿಎಂನ ಸ್ವಂತ ಕಾಗದಗಳು ಇದ್ದವು. ಅದು ಸಾಲದು ಅಂತ ರಾಕೆಟ್ ಕಟ್ಟಿದರು. ಅಲ್ಲಿಂದ ಮುಂದೆ ಜನ ಮಾತಾಡಿದ್ದು ಟಿವಿಯ ಮೋಸದ ಬಗ್ಗೆ, ಟ್ಯಾಂಕಿನ ಜಾಗದ ಬಗ್ಗೆ ಅಲ್ಲ. ಪತ್ರಿಕೋದ್ಯಮದ ತರಗತಿಗಳಲ್ಲಿ ಇವತ್ತಿಗೂ ಪಾಠವಾಗಿ ಉಳಿದಿರುವುದು ಆ ರಾಕೆಟ್ಟೇ. ಟಿವಿ ಸುಳ್ಳು ಹೇಳಿತು ಅಂದ ಮಾತ್ರಕ್ಕೆ ಟ್ರಕ್ ಸರಿ ಇತ್ತು ಅಂತ ಆಗುತ್ತಾ? ಆಗಲ್ಲ. ಆದರೆ ಜನರ ತಲೆಯಲ್ಲಿ ಆಗಿದ್ದು ಅದೇ.

ಜಾರ್ಜಿಯಾದ ತೀರ್ಪೂ ನಿಲ್ಲಲಿಲ್ಲ. 1994ರಲ್ಲಿ ಮೇಲಿನ ಕೋರ್ಟ್ ಅದನ್ನು ರದ್ದು ಮಾಡಿತು. ಕುಟುಂಬದ ವಕೀಲರು ವಾದದಲ್ಲಿ ಬೇರೆ ಬೇರೆ ಕೇಸುಗಳನ್ನು ಎಳೆದು ತಂದದ್ದು ಸರಿಯಲ್ಲ ಅನ್ನುವುದು ಮುಖ್ಯ ಕಾರಣ. ಆಮೇಲೆ ಎರಡೂ ಕಡೆಯವರು ರಾಜಿ ಮಾಡಿಕೊಂಡರು.

ಸಚಿವರು ಬಂದರು, ಹಣ ಬಂತು

ಇನ್ನೊಂದು ಕಡೆ ಸರ್ಕಾರದ ತನಿಖೆ ನಡೆಯುತ್ತಿತ್ತು. 1992ರ ಆಗಸ್ಟ್‌ನಲ್ಲಿ ಕ್ಲಾರೆನ್ಸ್ ಡಿಟ್ಲೋ ಅವರ ಸೆಂಟರ್ ಫಾರ್ ಆಟೋ ಸೇಫ್ಟಿ ಅನ್ನುವ ಗ್ರಾಹಕ ಸಂಸ್ಥೆ, ಈ ಗಾಡಿಗಳನ್ನು ರೀಕಾಲ್ ಮಾಡಿಸಿ ಅಂತ ಅರ್ಜಿ ಕೊಟ್ಟಿತ್ತು. ರಸ್ತೆ ಸುರಕ್ಷತಾ ಇಲಾಖೆ ಡಿಸೆಂಬರ್‌ನಲ್ಲಿ ತನಿಖೆ ಶುರು ಮಾಡಿತು. 1993ರ ಏಪ್ರಿಲ್‌ನಲ್ಲಿ, ನೀವಾಗಿಯೇ ರೀಕಾಲ್ ಮಾಡಿ ಅಂತ ಜಿಎಂಗೆ ಪತ್ರ ಬರೆಯಿತು. ಅದೇ ತಿಂಗಳ ಕೊನೆಯಲ್ಲಿ ಜಿಎಂ ಉತ್ತರ: ಆಗಲ್ಲ.

1994ರ ಅಕ್ಟೋಬರ್ 17ರಂದು ಸಾರಿಗೆ ಸಚಿವ ಫೆಡೆರಿಕೊ ಪೆನಾ ತಾವೇ ಮುಂದೆ ಬಂದು ಘೋಷಿಸಿದರು. ಈ ಟ್ರಕ್‌ಗಳಲ್ಲಿ ಸುರಕ್ಷತೆಯ ದೋಷ ಇದೆ, ಪಕ್ಕದ ಹೊಡೆತದ ಬೆಂಕಿಯಲ್ಲಿ ಸುಮಾರು 150 ಜನ ಸತ್ತಿದ್ದಾರೆ, ಕಂಪನಿಯ ಆಡಳಿತಕ್ಕೆ 1970ರ ದಶಕದ ನಡುವಿಂದಲೇ ಈ ಸಾಧ್ಯತೆ ತಿಳಿದಿತ್ತು ಅಂತ. ಇದು ಆರಂಭಿಕ ತೀರ್ಮಾನ. ಡಿಸೆಂಬರ್ 6ಕ್ಕೆ ಸಾರ್ವಜನಿಕ ವಿಚಾರಣೆ ಇಟ್ಟರು. ಜಿಎಂ ಕೋರ್ಟಿಗೆ ಹೋಯಿತು.

ವಿಚಾರಣೆ ನಡೆಯಲೇ ಇಲ್ಲ. ನಾಲ್ಕು ದಿನ ಮೊದಲು, ಡಿಸೆಂಬರ್ 2ರಂದು, ರಾಜಿ ಆಯಿತು. ಜಿಎಂ 5.1 ಕೋಟಿ ಡಾಲರ್‌ಗಿಂತ ಸ್ವಲ್ಪ ಹೆಚ್ಚು ಹಣವನ್ನು ಸುರಕ್ಷತಾ ಕಾರ್ಯಕ್ರಮಗಳಿಗೆ ಕೊಡುವುದು, ಸರ್ಕಾರ ತನಿಖೆ ಮುಚ್ಚುವುದು. ಹಣ ಹೋಗಿದ್ದು ಬಡ ಕುಟುಂಬಗಳ ಮಕ್ಕಳಿಗೆ ಕಾರ್ ಸೀಟ್ ಕೊಡುವುದಕ್ಕೆ, ಸುಟ್ಟ ಗಾಯದ ಸಂಶೋಧನೆಗೆ, ಕುಡಿದು ಓಡಿಸುವುದರ ವಿರುದ್ಧ ಪ್ರಚಾರಕ್ಕೆ. ಎಲ್ಲ ಒಳ್ಳೆ ಕೆಲಸಗಳೇ. ಆದರೆ ಟ್ರಕ್ ಓಡಿಸುತ್ತಿದ್ದವನ ಟ್ಯಾಂಕಿಗೆ ಅದರಿಂದ ಆದದ್ದೇನು?

ಸರ್ಕಾರದ ಕಷ್ಟವನ್ನೂ ನೋಡಬೇಕು. ಗಾಡಿ ತನ್ನ ಕಾಲದ ಮಾನದಂಡದಲ್ಲಿ ಪಾಸಾಗಿತ್ತು. ಪಾಸಾದ ಗಾಡಿಯನ್ನು ದೋಷಪೂರಿತ ಅಂತ ಕೋರ್ಟಿನಲ್ಲಿ ಸಾಧಿಸುವುದು ಸುಲಭವಲ್ಲ. ಅದೂ ಅಲ್ಲದೆ, ಆಗಿನ ಕಾನೂನಿನಲ್ಲಿ ಕಂಪನಿ ಪುಕ್ಕಟೆ ರಿಪೇರಿ ಮಾಡಿಕೊಡಬೇಕಾದದ್ದು ಎಂಟು ವರ್ಷದೊಳಗಿನ ಗಾಡಿಗೆ ಮಾತ್ರ. 1994ರ ಕೊನೆಯಲ್ಲಿ ಲೆಕ್ಕ ಹಾಕಿದರೆ 1973ರಿಂದ 1985ರವರೆಗಿನ ಗಾಡಿಗಳೆಲ್ಲ ಆ ಗೆರೆಯ ಆಚೆ. ವರ್ಷಗಟ್ಟಲೆ ಕೇಸು ನಡೆಸಿ ಗೆದ್ದರೂ ಕೈಗೆ ಸಿಗುತ್ತಿದ್ದದ್ದು ಬಾಲ ಮಾತ್ರ. ಪೆನಾ ಅವರ ಕಡೆಯವರು ಈ ಲೆಕ್ಕ ಹಾಕಿಯೇ ಇರುತ್ತಾರೆ. ಆದರೂ ವಿಚಾರಣೆ ನಡೆದಿದ್ದರೆ ಕಾಗದಪತ್ರಗಳೆಲ್ಲ ಜನರ ಮುಂದೆ ಬರುತ್ತಿದ್ದವು. ಅದನ್ನು ಬಿಟ್ಟುಕೊಟ್ಟದ್ದು ಸಣ್ಣ ವಿಷಯವಲ್ಲ ಅಂತ ನನಗನ್ನಿಸುತ್ತದೆ.

ಮಾಲೀಕರು ಒಟ್ಟಾಗಿ ಹಾಕಿದ ಕೇಸಿನ ಕಥೆ ಇನ್ನೂ ತಮಾಷೆ. ರಾಜಿ ಪ್ರಕಾರ ಪ್ರತಿ ಮಾಲೀಕನಿಗೆ 1,000 ಡಾಲರ್‌ನ ಕೂಪನ್. ಅದನ್ನು ಬಳಸಬೇಕಾದದ್ದು ಎಲ್ಲಿ ಅಂದರೆ, ಜಿಎಂನ ಹೊಸ ಟ್ರಕ್ ಕೊಳ್ಳುವಾಗ! ಹೊಸ ಟ್ರಕ್‌ಗೆ ದುಡ್ಡಿಲ್ಲದವನು ಹಳೆಯದನ್ನೇ ಓಡಿಸಿಕೊಂಡಿರಬೇಕು. ವಕೀಲರಿಗೆ ಮಾತ್ರ ಸುಮಾರು 95 ಲಕ್ಷ ಡಾಲರ್ ನಗದು. 1995ರಲ್ಲಿ ಫಿಲಡೆಲ್ಫಿಯಾದ ಮೇಲ್ಮನವಿ ಕೋರ್ಟ್ ಈ ರಾಜಿಯನ್ನು ಒಪ್ಪಲಿಲ್ಲ. ಕೂಪನ್ ಕೊಟ್ಟು ಕೈತೊಳೆದುಕೊಳ್ಳುವ ರಾಜಿಗಳ ಬಗ್ಗೆ ಮಾತು ಬಂದಾಗಲೆಲ್ಲ ಅಮೆರಿಕದ ವಕೀಲರು ಈ ಕೇಸನ್ನು ಎತ್ತುತ್ತಾರೆ.

ನಮ್ಮ ಲಾರಿಗಳ ಟ್ಯಾಂಕೂ ಪಕ್ಕದಲ್ಲೇ ಇದೆಯಲ್ಲ?

ಈ ಪ್ರಶ್ನೆ ಬಂದೇ ಬರುತ್ತದೆ. ಬಂದರೆ ಒಳ್ಳೆಯದೇ. ನಮ್ಮ ಲಾರಿಗಳಲ್ಲಿ ಇರುವುದು ಡೀಸೆಲ್. ಪೆಟ್ರೋಲ್ ಚಳಿಯಲ್ಲೂ ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಕಿಡಿ ಇದ್ದಲ್ಲಿಗೆ ಹೋಗುತ್ತದೆ. ಡೀಸೆಲ್ ಅಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ.

ಹಾಗಂತ ಡೀಸೆಲ್ ನಿರಪಾಯ ಅಂತ ಮಾತ್ರ ಅಂದುಕೊಳ್ಳಬೇಡಿ. 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದ್‌ಗೆ ಹೊರಟಿದ್ದ ವೋಲ್ವೋ ಬಸ್ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ತಿರ ಮೋರಿಯ ಕಟ್ಟೆಗೆ ಉಜ್ಜಿತು. ಡೀಸೆಲ್ ಟ್ಯಾಂಕ್ ಒಡೆಯಿತು, 45 ಜನ ಸುಟ್ಟು ಸತ್ತರು. ಎರಡೇ ವಾರದಲ್ಲಿ ಹಾವೇರಿ ಹತ್ತಿರ ಇನ್ನೊಂದು ವೋಲ್ವೋ ಬಸ್ಸಿಗೆ ಬೆಂಕಿ, 7 ಜನ ಸತ್ತರು. ರಭಸಕ್ಕೆ ಉಜ್ಜಿ ಸೀಳುವ ಲೋಹ ಕಿಡಿ ಹಾರಿಸುತ್ತದೆ. ಒಡೆದ ಟ್ಯಾಂಕಿನಿಂದ ಡೀಸೆಲ್ ಹನಿಹನಿಯಾಗಿ ಚಿಮ್ಮುತ್ತದೆ. ಹಾಗೆ ಚಿಮ್ಮಿದ ಡೀಸೆಲ್‌ಗೂ ಪೆಟ್ರೋಲ್‌ಗೂ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ. ಟ್ಯಾಂಕಿಗೆ ಏನು ಬಡಿಯುತ್ತದೆ, ಬಡಿಯುವ ಮೊದಲು ಮಧ್ಯೆ ಏನಿದೆ, ಅಷ್ಟೇ ಲೆಕ್ಕ.

ಇವತ್ತು ಸ್ಕ್ವೇರ್‌ಬಾಡಿ ಇಟ್ಟುಕೊಂಡವರು

ರೀಕಾಲ್ ಆಗದ ಕಾರಣ ಕೆಲಸ ಮಾಲೀಕನ ತಲೆಗೆ ಬಿದ್ದಿದೆ. ಹೆಚ್ಚಿನವರು ಏನೂ ಮಾಡುವುದಿಲ್ಲ. ಮಾಡುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಬ್ಲೇಜರ್ ಅಥವಾ ಸಬರ್ಬನ್ ಟ್ಯಾಂಕ್ ತಂದು ಹಿಂದೆ, ಎರಡು ಚಾನೆಲ್‌ಗಳ ನಡುವೆ ಕಟ್ಟುವುದು. 31 ಗ್ಯಾಲನ್‌ನ ಟ್ಯಾಂಕ್ ಸಿಗುತ್ತದೆ, 117 ಲೀಟರ್. ಜಿಎಂ ಅಂದೇ ಮಾಡಬಹುದಾಗಿದ್ದ ಕೆಲಸವನ್ನು ಈಗ ಗ್ಯಾರೇಜಿನಲ್ಲಿ ಮಾಡುತ್ತಿದ್ದಾರೆ ಅನ್ನಿ.

ಕೆಲಸ ಸಣ್ಣದಲ್ಲ. ಸ್ಟೆಪ್ನಿ ಇರುವುದು ಅದೇ ಜಾಗದಲ್ಲಿ, ಅದನ್ನು ಬೇರೆ ಕಡೆ ಹಾಕಬೇಕು. ಪೆಟ್ರೋಲ್ ಹಾಕುವ ಬಾಯಿ ಬಾಡಿಯ ಪಕ್ಕದಲ್ಲಿ ಮುಂದಕ್ಕಿದೆ, ಟ್ಯಾಂಕ್ ಹಿಂದೆ ಹೋಯಿತು. ಮಧ್ಯದ ಪೈಪ್‌ಗೆ ಉದ್ದಕ್ಕೂ ಇಳಿಜಾರು ಸಿಗದಿದ್ದರೆ ಬಂಕ್‌ನಲ್ಲಿ ಪಂಪು ಮತ್ತೆ ಮತ್ತೆ ಕಟ್ ಆಗುತ್ತದೆ. ಗಾಳಿ ಹೊರಹೋಗುವ ಪೈಪ್ ಬೇರೆ ಬೇಕು. ಎರಡು ಟ್ಯಾಂಕ್ ಗಾಡಿಯಾದರೆ ಆ ಕಡೆ ಈ ಕಡೆ ಬದಲಿಸುವ ವಾಲ್ವ್ ತೆಗೆದು ಲೈನ್ ನೇರ ಮಾಡಬೇಕು. ಟ್ಯಾಂಕಿನ ಒಳಗೆ ಪೆಟ್ರೋಲ್ ಮಟ್ಟ ಅಳೆಯುವ ಫ್ಲೋಟ್ ಡ್ಯಾಷ್‌ಬೋರ್ಡಿನ ಮೀಟರಿಗೆ ಹೊಂದಬೇಕು, ಇಲ್ಲದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ.

ಹಿಂದೆ ಹಾಕಿದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಹಿಂದಿನ ಆಕ್ಸಲ್‌ನ ಆಚೆ ಇರುವ ಟ್ಯಾಂಕ್‌ಗೆ ಹಿಂದಿನಿಂದ ಬರುವ ಹೊಡೆತದ ಭಯ ಇದೆ. ಫೋರ್ಡ್ ಪಿಂಟೋ ಕಾರಿನ ಹೆಸರು ಕೆಟ್ಟದ್ದು ಅದರಿಂದಲೇ. ಪಿಕಪ್‌ನಲ್ಲಿ ಪಕ್ಕಕ್ಕೆ ಚಾನೆಲ್‌ಗಳ ಆಸರೆ, ಹಿಂದೆ ಅಡ್ಡ ಪಟ್ಟಿ ಮತ್ತು ಬಂಪರ್ ಇರುತ್ತವೆ. ಟೋಯಿಂಗ್ ಹಿಚ್ (ಟ್ರೈಲರ್ ಎಳೆಯುವ ಕೊಂಡಿ) ಗಟ್ಟಿಯಾಗಿ ಕೂರಿಸಿದ್ದರೆ ಇನ್ನೂ ಸ್ವಲ್ಪ ಧೈರ್ಯ. ಎಲ್ಲಕ್ಕಿಂತ ಒಳ್ಳೆ ಜಾಗ ಆಕ್ಸಲ್‌ಗಿಂತ ಮುಂದೆ, ಚಾನೆಲ್‌ಗಳ ಒಳಗೆ. ಈಗಿನ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಟ್ಯಾಂಕ್ ಇರುವುದು ಅಲ್ಲೇ.

ಟ್ಯಾಂಕ್ ಬದಲಿಸುವ ಯೋಚನೆ ಇಲ್ಲದವರು ಕನಿಷ್ಠ ಟ್ಯಾಂಕನ್ನು ಹಿಡಿದಿರುವ ಬೆಲ್ಟು ಬಿಚ್ಚಿಸಿ ನೋಡಬೇಕು. ನಲವತ್ತು ವರ್ಷದ ಟ್ಯಾಂಕಿನಲ್ಲಿ ಮೊದಲು ತುಕ್ಕು ಹಿಡಿಯುವುದು ಬೆಲ್ಟಿನ ಅಡಿಯಲ್ಲಿ, ಮಣ್ಣು ಒದ್ದೆಯಾಗಿ ಕೂತಿರುವ ಕಡೆ. ಹೊರಗಿನಿಂದ ಕಾಣುವುದಿಲ್ಲ. ಎರಡನೇ ಟ್ಯಾಂಕ್ ಬಳಸುತ್ತಿಲ್ಲ, ಖಾಲಿ ಇದೆ, ಇರಲಿ ಬಿಡಿ ಅಂತ ಸುಮ್ನೆ ಬಿಡುವವರೂ ಇದ್ದಾರೆ. ಪೆಟ್ರೋಲ್ ಖಾಲಿಯಾದ ಟ್ಯಾಂಕಿನ ಒಳಗೆ ಆವಿ ಉಳಿದಿರುತ್ತದೆ, ಅದು ಹೊತ್ತಿಕೊಳ್ಳುವುದಕ್ಕೆ ಬೇಕಾದ ಗಾಳಿಯೂ ಜೊತೆಗೇ ಇರುತ್ತದೆ. ಬಳಸದ ಟ್ಯಾಂಕನ್ನು ಬಿಚ್ಚಿ ಗಾಡಿಯಿಂದ ಇಳಿಸಿಬಿಡುವುದು, ಅದರ ಹತ್ತಿರ ವೆಲ್ಡಿಂಗ್ ಇಟ್ಟುಕೊಳ್ಳದೇ ಇರುವುದು.